ನೀಲಿ ಕಾಣದ ಸಿನಿಮಾ

1930ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ‘ಕಿಂಗ್ ಆಫ್ ಜಾಝ್’ ಎಂಬ ಸಂಗೀತಮಯ ಚಿತ್ರ ತೆಗೆಯಿತು. ಆಗ ಅಮೆರಿಕದಲ್ಲಿ ಮನೆಮಾತಾಗಿದ್ದ ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್ ಅದರ ನಾಯಕ. ಜಾರ್ಜ್ ಗರ್ಶ್ವಿನ್ 1924ರಲ್ಲಿ ಇದೇ ವೈಟ್‌ಮನ್ ಬ್ಯಾಂಡಿಗಾಗಿ ರಚಿಸಿದ್ದ ‘ರಾಪ್ಸೊಡಿ ಇನ್ ಬ್ಲೂ’ ಚಿತ್ರದ ದೊಡ್ಡ ಆಕರ್ಷಣೆ. ಹೆಸರಿನಲ್ಲೇ ನೀಲಿ ಇದೆ. ತೊಂದರೆ ಒಂದೇ: ಚಿತ್ರವನ್ನು ತೆಗೆಯುತ್ತಿದ್ದ ಬಣ್ಣದ ತಂತ್ರಕ್ಕೆ ನೀಲಿ ಗೊತ್ತಿರಲಿಲ್ಲ.

ಆಗಿನ ಟೆಕ್ನಿಕಲರ್ ಎರಡೇ ಬಣ್ಣದ್ದು. ಕ್ಯಾಮೆರಾದೊಳಗಿನ ಪ್ರಿಸಂ ಬೆಳಕನ್ನು ಎರಡಾಗಿ ಸೀಳುತ್ತಿತ್ತು. ಒಂದು ಪಾಲು ಕೆಂಪು ಫಿಲ್ಟರಿನ ಮೂಲಕ, ಇನ್ನೊಂದು ಹಸಿರು ಫಿಲ್ಟರಿನ ಮೂಲಕ ಹಾದು ಕಪ್ಪುಬಿಳುಪು ಫಿಲ್ಮಿನ ಮೇಲೆ ಬೀಳುತ್ತಿತ್ತು. ಆಮೇಲೆ ಲ್ಯಾಬಿನಲ್ಲಿ ಆ ಎರಡು ದಾಖಲೆಗಳಿಂದ ಜೆಲಟಿನ್ನಿನ ಉಬ್ಬು ಅಚ್ಚುಗಳನ್ನು ಮಾಡಿ, ಒಂದೊಂದನ್ನೂ ಅದರದರ ಬಣ್ಣದಲ್ಲಿ ನೆನೆಸಿ, ಖಾಲಿ ಫಿಲ್ಮಿನ ಮೇಲೆ ಒಂದರ ಮೇಲೊಂದು ಒತ್ತುತ್ತಿದ್ದರು. ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ನೀಲಿಯನ್ನು ಹಿಡಿಯಬೇಕಾದ ಮೂರನೆಯ ಅಚ್ಚು ಅಲ್ಲಿ ಇರಲೇ ಇಲ್ಲ.

ನಿರ್ದೇಶಕ ಜಾನ್ ಮರ‍್ರೆ ಆಂಡರ್ಸನ್ ಮತ್ತು ಕಲಾ ನಿರ್ದೇಶಕ ಹರ್ಮನ್ ರಾಸ್ ಕೈಚೆಲ್ಲಲಿಲ್ಲ. ಬಟ್ಟೆಗಳನ್ನೂ ಬಣ್ಣಗಳನ್ನೂ ಕ್ಯಾಮೆರಾದ ಮುಂದಿಟ್ಟು ಪರೀಕ್ಷಿಸುತ್ತ ಹೋದರು. ಹಿನ್ನೆಲೆಯನ್ನು ಬೂದು ಮತ್ತು ಬೆಳ್ಳಿಗೆ ಇಳಿಸಿ, ಅದರ ಪಕ್ಕದಲ್ಲಿ ಒಂದು ಬಗೆಯ ಹಸಿರನ್ನು ಇಟ್ಟರೆ ನೋಡುವವರ ಕಣ್ಣು ಅದನ್ನು ನವಿಲು ಬಣ್ಣವೆಂದು ನಂಬುತ್ತದೆ ಎಂದು ಕಂಡುಕೊಂಡರು. ರಾಸ್‌ಗೆ ಈ ಚಿತ್ರದ ಕಲಾ ನಿರ್ದೇಶನಕ್ಕಾಗಿ ಆಸ್ಕರ್ ಬಂತು.

2016ರಲ್ಲಿ ಪುನರುಜ್ಜೀವಗೊಂಡ ಪ್ರತಿಯನ್ನು ನಾನು ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ನೋಡಿದೆ. ಬೃಹತ್ ಪಿಯಾನೊ ಒಂದರ ಹೊಟ್ಟೆಯಿಂದ ಇಡೀ ವಾದ್ಯವೃಂದ ಮೇಲೇಳುತ್ತದೆ. ಸುತ್ತ ಹರಡಿದ ಆ ಬಣ್ಣಕ್ಕೆ ಏನೆನ್ನಬೇಕೆಂದು ಯೋಚಿಸಿದರೆ ನನಗೆ ಹೊಳೆದದ್ದು ಸೀರೆ ಅಂಗಡಿಯ ಮಾತು. ನೀಲಿಯೂ ಅಲ್ಲದ ಹಸಿರೂ ಅಲ್ಲದ ಅದನ್ನು ನಮ್ಮ ಅಂಗಡಿಯವರು ‘ರಾಮಾ ಗ್ರೀನ್’ ಎನ್ನುತ್ತಾರೆ. ತುಟಿ, ಕೆನ್ನೆ, ಪರದೆಗಳ ಕೆಂಪೂ ಪೂರ್ತಿ ಕೆಂಪಲ್ಲ, ಅದು ಕನಕಾಂಬರ. ಒಂದು ಇಡೀ ಲೋಕ ಕನಕಾಂಬರ ಮತ್ತು ರಾಮಾ ಗ್ರೀನ್ ನಡುವೆ ಕುಣಿದು ಮುಗಿಯುತ್ತದೆ. ಅಂಥ ಲೋಕ ಎಲ್ಲೂ ಇರಲಿಲ್ಲ. ಆದರೂ ಅದನ್ನು ಕಂಡಾಗ ಎಂದೋ ಬಿಟ್ಟುಬಂದ ಊರನ್ನು ಕಂಡ ಹಾಗಾಗುತ್ತದೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಮುಗಿದುಹೋದ ಕಾಲಕ್ಕಾಗಿ ನನಗೇಕೆ ಈ ಹಂಬಲ?

ಒಂದು ಕಾರಣ, ಅದರಲ್ಲಿ ಉಳಿದಿರುವುದೇ ಸ್ವಲ್ಪ ಎಂಬುದು. ಮಾತು ಕಲಿತ ಸಿನಿಮಾ ಮೊದಲು ಮಾಡಿದ ಕೆಲಸ ಹಾಡುವುದು. ಹಾಡಿನ ಜೊತೆಗೇ ಬಣ್ಣವೂ ಬಂತು. 1929ರ ‘ಆನ್ ವಿತ್ ದ ಶೋ!’ ಪೂರ್ತಿ ಮಾತು, ಪೂರ್ತಿ ಬಣ್ಣ ಎರಡೂ ಇದ್ದ ಮೊದಲ ಕಥಾಚಿತ್ರ. ಇಂದು ಅದು ಉಳಿದಿರುವುದು ಕಪ್ಪುಬಿಳುಪಿನಲ್ಲಿ, ಬಣ್ಣದಲ್ಲಿ ಸಿಕ್ಕಿರುವುದು ಚೂರು ಮಾತ್ರ. ಅದೇ ವರ್ಷದ ‘ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ’ಯ ಕೊನೆಯ ಭಾಗವಷ್ಟೇ ಬಣ್ಣದಲ್ಲಿ ಸಿಕ್ಕಿದೆ. ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ‘ದ ಬ್ರಾಡ್‌ವೇ ಮೆಲಡಿ’ಯ ಬಣ್ಣದ ಹಾಡನ್ನೂ ನಾವೀಗ ಬೂದು ಬಣ್ಣದಲ್ಲೇ ನೋಡಬೇಕು. 1930 ಮುಗಿಯುವ ಹೊತ್ತಿಗೆ ಪ್ರೇಕ್ಷಕರಿಗೆ ಸಂಗೀತಮಯ ಚಿತ್ರಗಳೆಂದರೆ ವಾಕರಿಕೆ ಬಂದಿತ್ತು. ಬೇಡವಾದದ್ದನ್ನು ಯಾರು ಜೋಪಾನ ಮಾಡುತ್ತಾರೆ?

ಇನ್ನೊಂದು ಕಾರಣ ನಮ್ಮ ಮನೆಯ ಆಲ್ಬಮ್ಮಿನಲ್ಲಿದೆ. ಎಂಬತ್ತರ ದಶಕದ ಫೋಟೊಗಳೆಲ್ಲ ಈಗ ಕೆಂಪಗೆ ತಿರುಗಿವೆ. ಆಕಾಶ ನಸುಗೆಂಪು, ಬಾವಿಕಟ್ಟೆ ನಸುಗೆಂಪು, ಅಮ್ಮನ ಸೀರೆ ಕಂದು. ಅದು ನೀಲಿ ಸೀರೆ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಕಾರಣ ರಸಾಯನದ್ದು. 1950ರಲ್ಲಿ ಬಂದ ಈಸ್ಟ್‌ಮನ್ ಕಲರ್ ಫಿಲ್ಮಿನಲ್ಲೂ ನಮ್ಮ ಕಲರ್ ಫೋಟೊಗಳಲ್ಲೂ ಬಣ್ಣವನ್ನು ಹೊರಗಿನಿಂದ ಒತ್ತುವುದಿಲ್ಲ, ಸಂಸ್ಕರಣೆಯ ಹೊತ್ತಿಗೆ ಅದು ಪದರದೊಳಗೇ ಹುಟ್ಟುತ್ತದೆ. ಅಗ್ಗ, ಸುಲಭ, ಆದರೆ ಬಾಳಿಕೆ ಕಡಿಮೆ. ನೀಲಿ-ಹಸಿರು ಬಣ್ಣದ ಪದರ ಮೊದಲು ಸೋತರೆ ಉಳಿಯುವುದು ಕೆಂಪು. ಅಚ್ಚೊತ್ತಿದ ಟೆಕ್ನಿಕಲರ್ ಪ್ರತಿಗಳು ಇದಕ್ಕಿಂತ ಎಷ್ಟೋ ಗಟ್ಟಿ.

ಹೀಗೆ ಎರಡು ಬಗೆಯ ನೀಲಿ ನನ್ನ ಮುಂದಿವೆ. ಆಲ್ಬಮ್ಮಿನಲ್ಲಿ ಇದ್ದು ಹೋದ ನೀಲಿ, ಆ ಸಿನಿಮಾದಲ್ಲಿ ಎಂದೂ ಇರದ ನೀಲಿ. ಮೊದಲನೆಯದಕ್ಕೆ ಸಾಕ್ಷಿ ಹೇಳಲು ಅಮ್ಮ ಇದ್ದಾಳೆ. ಎರಡನೆಯದನ್ನು ಕೇಳುವುದು ಯಾರನ್ನು?

ಈ ಪ್ರಶ್ನೆಯನ್ನು ಹಿಡಿದುಕೊಂಡು ‘ಕಿಂಗ್ ಆಫ್ ಜಾಝ್’ ಮತ್ತೊಮ್ಮೆ ನೋಡಿದಾಗ ಕೊನೆಯ ದೃಶ್ಯ ನನ್ನನ್ನು ತಡೆದು ನಿಲ್ಲಿಸಿತು. ‘ಸಂಗೀತದ ಕರಗುವ ಪಾತ್ರೆ’ ಎಂಬ ಭಾರಿ ಮೆರವಣಿಗೆ ಅದು. ಯುರೋಪಿನ ಒಂದೊಂದೇ ದೇಶದವರು ತಮ್ಮ ಉಡುಗೆಯಲ್ಲಿ ಬಂದು ಹಾಡಿ ಕುಣಿಯುತ್ತಾರೆ. ಎಲ್ಲರೂ ಆ ಪಾತ್ರೆಯಲ್ಲಿ ಬೆರೆತು ಜಾಝ್ ಆಗಿ ಹೊಮ್ಮುತ್ತಾರೆ. ಜಾಝನ್ನು ನಿಜಕ್ಕೂ ಕಟ್ಟಿದ ಕಪ್ಪು ಅಮೆರಿಕನ್ನರು ಮಾತ್ರ ಆ ಸಾಲಿನಲ್ಲಿ ಇಲ್ಲ. ಅದಕ್ಕೂ ಮೊದಲು, ‘ರಾಪ್ಸೊಡಿ’ಯ ಆರಂಭದಲ್ಲಿ, ಜಾಝ್ ಆಫ್ರಿಕಾದ ಕಾಡಿನಲ್ಲಿ ಹುಟ್ಟಿತೆಂದು ವೈಟ್‌ಮನ್ ಒಂದು ಮಾತು ಹೇಳಿ ಮುಗಿಸುತ್ತಾರೆ. ಡೋಲಿನ ಮೇಲೆ ಕುಣಿಯುವವನು ಮೈಗೆ ಕಪ್ಪು ಬಳಿದುಕೊಂಡ ನರ್ತಕ. ಕಿರೀಟವಂತೂ ವೈಟ್‌ಮನ್ ತಲೆಯ ಮೇಲಿದೆ.

ಗರ್ಶ್ವಿನ್ ಶೀರ್ಷಿಕೆಯ ‘ಬ್ಲೂ’ ಬರಿಯ ಬಣ್ಣವಲ್ಲ. ಕಪ್ಪು ಜನರ ನೋವಿನ ಹಾಡಾದ ಬ್ಲೂಸ್‌ನ ಧ್ವನಿಯೂ ಅದರಲ್ಲಿದೆ. ಅಂದರೆ ಆ ಚಿತ್ರದಲ್ಲಿ ನೀಲಿ ಎರಡು ಸಲ ತಪ್ಪಿಹೋಗಿದೆ. ಮೊದಲ ಕೊರತೆ ಯಂತ್ರದ್ದು. ಅದನ್ನು ತುಂಬಲು ಜಾಣರು ಬಟ್ಟೆ ಬದಲಿಸಿದರು, ಬಣ್ಣ ಬದಲಿಸಿದರು, ಕೊನೆಗೂ ನಮ್ಮ ಕಣ್ಣನ್ನು ಒಲಿಸಿಕೊಂಡರು. ಎರಡನೆಯ ಕೊರತೆ ಮನುಷ್ಯರದ್ದು. ಅದನ್ನು ತುಂಬಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ, ಬಾಗಿಲು ತೆರೆದು ಕರೆದಿದ್ದರೆ ಸಾಕಿತ್ತು. ಯಂತ್ರಕ್ಕಾಗಿ ಪಟ್ಟ ಪಾಡಿನ ಒಂದಂಶವನ್ನೂ ಯಾರೂ ಅದಕ್ಕಾಗಿ ಪಡಲಿಲ್ಲ.

ಯಂತ್ರದ ನೀಲಿ ಬೇಗ ಬಂತು. 1932ರಲ್ಲಿ ಡಿಸ್ನಿಯ ‘ಫ್ಲವರ್ಸ್ ಆ್ಯಂಡ್ ಟ್ರೀಸ್’ ಎಂಬ ಕಿರುಚಿತ್ರ ಮೂರು ಬಣ್ಣದ ಟೆಕ್ನಿಕಲರಿನಲ್ಲಿ ಬಂತು. 1935ರಲ್ಲಿ ‘ಬೆಕಿ ಶಾರ್ಪ್’ ಇಡಿಯಾಗಿ ಆ ಬಣ್ಣಗಳಲ್ಲೇ ಬಂತು. 1939ರ ‘ದ ವಿಝರ್ಡ್ ಆಫ್ ಓಝ್’ನಲ್ಲಿ ಡೊರೊಥಿಯ ಚೌಕುಳಿ ಉಡುಪು ಸಂಶಯಕ್ಕೆ ಎಡೆಯಿಲ್ಲದ ನೀಲಿ. ಮೂಲ ಕಾದಂಬರಿಯಲ್ಲಿ ಬೆಳ್ಳಿಯದಾಗಿದ್ದ ಅವಳ ಪಾದರಕ್ಷೆ ಬಣ್ಣದ ಸಿನಿಮಾಕ್ಕೆಂದೇ ಮಾಣಿಕ್ಯದ ಕೆಂಪಾಯಿತು. ಇನ್ನೊಂದು ನೀಲಿ ಪರದೆಗೆ ಬರುವುದಕ್ಕೆ ಹಿಡಿದ ಕಾಲವನ್ನು ಇಷ್ಟು ಸಲೀಸಾಗಿ ಇಸವಿ ಹಾಕಿ ಹೇಳಲಾಗದು.

ಇಷ್ಟಾದ ಮೇಲೂ ಆ ಎರಡು ಬಣ್ಣದ ಚಿತ್ರಗಳ ಮೇಲಿನ ಮೋಹ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಹಳೆಯದನ್ನು ಪ್ರೀತಿಸುವುದೆಂದರೆ ಅದರಲ್ಲಿ ಇರುವುದನ್ನು ಮಾತ್ರ ಎಣಿಸುವುದಲ್ಲ. ನೀವೂ ಒಮ್ಮೆ ಆ ಚಿತ್ರ ನೋಡಿ. ಆ ಕನಕಾಂಬರದ ಬೆಳಕಿನಲ್ಲಿ ಮೈಮರೆಯಿರಿ. ಕೊನೆಯ ಮೆರವಣಿಗೆ ಶುರುವಾದಾಗ ಮಾತ್ರ, ಬಂದವರನ್ನು ನೋಡುತ್ತಲೇ ಬಾರದವರು ಯಾರೆಂದು ಲೆಕ್ಕ ಹಾಕಿ.