ಸಹಪ್ರಯಾಣ

ಏಳು ಹೆಜ್ಜೆ ಜೊತೆಯಾಗಿ ನಡೆದವರಲ್ಲಿ ಸಖ್ಯವುಂಟಾಗುವುದೆಂಬುದು ನಮ್ಮ ಹಿರಿಯರ ಎಣಿಕೆ. ಪಾಣಿನಿಯೂ ತನ್ನ ವ್ಯಾಕರಣದಲ್ಲಿ ಸಖ್ಯವನ್ನು ಹೇಳುವ ‘ಸಾಪ್ತಪದೀನ’ವೆಂಬ ಶಬ್ದವನ್ನು ಸಾಧಿಸಿಕೊಟ್ಟಿರುವನು. ಸ್ನೇಹವು ಹುಟ್ಟುವುದಕ್ಕೆ ಏಳು ಹೆಜ್ಜೆ ಸಾಕಾಗಬಹುದು. ಅದರ ಗಟ್ಟಿತನವನ್ನು ಅರಿಯುವುದಕ್ಕೆ ದೂರಪ್ರಯಾಣವೇ ಬೇಕು. ಸಂಜೆ ಒಂದು ಗಳಿಗೆ ಕಲೆತು ಮಾತನಾಡಿ ಮನೆಗೆ ಹಿಂದಿರುಗುವ ಮಿತ್ರರಲ್ಲಿ ಒಬ್ಬರ ಹಟವು ಮತ್ತೊಬ್ಬರಿಗೆ ಕಾಣುವುದಿಲ್ಲ. ಪ್ರಯಾಣದಲ್ಲಾದರೋ ಊಟ, ನಿದ್ರೆ, ಹಣ, ಹೊತ್ತು ಇವೆಲ್ಲವನ್ನೂ ಹಂಚಿಕೊಳ್ಳಬೇಕಾಗುವುದು.

ಆಂಗ್ಲ ಕವಿಯಾದ ಥಾಮಸ್ ಗ್ರೇ ಎಂಬಾತನೂ ಹೊರೇಸ್ ವಾಲ್ಪೋಲನೂ ಈಟನ್ ಶಾಲೆಯಲ್ಲಿ ಗೆಳೆಯರಾದವರು. ಇವರು 1739ರಲ್ಲಿ ಯೂರೋಪಿನ ಸಂಚಾರಕ್ಕೆ ಹೊರಟರು. ರೈಲು ಇನ್ನೂ ಹುಟ್ಟದ ಕಾಲ. ಆಲ್ಪ್ಸ್ ಪರ್ವತವನ್ನು ಬಹು ಕಷ್ಟದಿಂದ ದಾಟಿ ಇಟಲಿಯನ್ನು ಸೇರಿದರು. ಗ್ರೇಗೆ ಪುರಾತನ ವಸ್ತುಗಳಲ್ಲಿ ಆಸಕ್ತಿ. ಪ್ರಧಾನಮಂತ್ರಿಯ ಮಗನಾದ ವಾಲ್ಪೋಲನಿಗೆ ಕೂಟ ಸಮಾರಂಭಗಳಲ್ಲಿ ಆಸಕ್ತಿ. ಕಷ್ಟದಲ್ಲಿ ಒಡೆಯದ ಸ್ನೇಹವು 1741ರಲ್ಲಿ ರೆಜಿಯೊ ಎಂಬ ಊರಿನಲ್ಲಿ ಒಡೆಯಿತು. ಇಬ್ಬರೂ ಬೇರೆಬೇರೆಯಾಗಿ ಸ್ವದೇಶಕ್ಕೆ ಮರಳಿದರು. ಮತ್ತೆ ರಾಜಿಯಾದುದು 1745ರಲ್ಲಿ.

ಈಗ ಆ ಖಂಡದಲ್ಲಿ ದಾರಿಯ ಕಷ್ಟವು ಅಷ್ಟಿಲ್ಲ. ಹೊರಗಿನವರಿಗಾಗಿ 1959ರಲ್ಲಿ ಏರ್ಪಟ್ಟ ಯೂರೇಲ್ ಚೀಟಿಯೊಂದಿದ್ದರೆ ಹಲವು ದೇಶಗಳ ಗಾಡಿಗಳಲ್ಲಿ ಸಂಚರಿಸಬಹುದು. ಫ್ರಾನ್ಸು, ಸ್ವಿಟ್ಜರ್ಲೆಂಡು, ಇಟಲಿ ಈ ಮೂರು ದೇಶಗಳಲ್ಲಿಯೂ ಮುಖ್ಯಮಾರ್ಗಗಳ ಹಳಿಯ ಅಗಲವು ಒಂದೇ, 1435 ಮಿಲಿಮೀಟರು. ಗಾಡಿಯಲ್ಲಿ ಕೇಳಿಬರುವ ಪ್ರಕಟಣೆಯ ಭಾಷೆ ಬದಲಾದಾಗಲೇ ದೇಶ ಬದಲಾಯಿತೆಂದು ಎಷ್ಟೋ ಮಂದಿಗೆ ತಿಳಿಯುವುದು. ಆದರೆ ಮಿತ್ರರ ನಡುವಣ ಪರೀಕ್ಷೆಯನ್ನು ಯಾವ ಸೌಕರ್ಯವೂ ತಪ್ಪಿಸಿಲ್ಲ.

ಮೈಸೂರಿನಲ್ಲಿ ಜೊತೆಯಾಗಿ ಓದಿ, ಈಗ ವಿಶ್ರಾಂತಿ ಪಡೆದಿರುವ ಇಬ್ಬರು ಮಿತ್ರರು ಕೆಲವು ವರ್ಷಗಳ ಹಿಂದೆ ಪ್ಯಾರಿಸಿನಿಂದ ವೆನಿಸ್ಸಿಗೆ ರೈಲಿನಲ್ಲಿ ಹೊರಟರು. ಒಬ್ಬರು ಇಂಜಿನಿಯರು, ಮತ್ತೊಬ್ಬರು ಚರಿತ್ರೆಯ ಉಪಾಧ್ಯಾಯರು. ಗಾಡಿಗಳ ವೇಳೆಯನ್ನೆಲ್ಲ ಬರೆದಿಟ್ಟುಕೊಂಡಿದ್ದವರು ಇಂಜಿನಿಯರು. ಪ್ಯಾರಿಸಿನಿಂದ ಜ್ಯೂರಿಕ್ಕಿನವರೆಗೆ ಎಲ್ಲವೂ ಸರಿಯಾಗಿ ನಡೆಯಿತು. ಅಲ್ಲಿ ತಕರಾರು ಹುಟ್ಟಿತು.

ಜ್ಯೂರಿಕ್ಕಿನಿಂದ ಇಟಲಿಯ ಕಡೆಗೆ ಹೋಗಲು ಗೊಟ್ಹಾರ್ಡ್ ಪರ್ವತವನ್ನು ದಾಟುವ ಮಾರ್ಗಗಳು ಎರಡು. ಒಂದು, 2016ರಲ್ಲಿ ತೆರೆದ ಹೊಸ ಸುರಂಗ. ಅದರ ಉದ್ದ 57 ಕಿಲೋಮೀಟರು. ವೇಗದ ಗಾಡಿಯು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದನ್ನು ದಾಟುವುದು. ಮತ್ತೊಂದು, 1882ರಲ್ಲಿ ತೆರೆದ ಹಳೆಯ ಬೆಟ್ಟದ ದಾರಿ. ಇದಕ್ಕೆ ಸುಮಾರು ಒಂದು ಗಂಟೆ ಹೆಚ್ಚು ಬೇಕು.

“ಬೆಟ್ಟವನ್ನು ನೋಡಬಂದವರು ಅದರ ಹೊಟ್ಟೆಯೊಳಗೆ ನುಸುಳಿಹೋಗುವುದೇನಯ್ಯಾ?” ಎಂದರು ಉಪಾಧ್ಯಾಯರು.

“ಮಿಲಾನಿನಲ್ಲಿ ಮುಂದಿನ ಗಾಡಿಗೆ ಜಾಗ ಕಾದಿರಿಸಿದೆ. ತಪ್ಪಿದರೆ ಆ ಹಣ ಹೋದಂತೆಯೇ. ಬೆಟ್ಟ ಎಲ್ಲಿಯೂ ಓಡಿಹೋಗುವುದಿಲ್ಲ,” ಎಂದರು ಇಂಜಿನಿಯರು.

ಮಾತಿಗೆ ಮಾತು ಬೆಳೆಯಿತು. ಕಡೆಗೆ ಉಪಾಧ್ಯಾಯರು ತಗ್ಗಿದ ದನಿಯಲ್ಲಿ, “ಬೆಟ್ಟ ಓಡಿಹೋಗುವುದಿಲ್ಲ, ನನ್ನ ಕಣ್ಣು ಹೋಗುತ್ತಿದೆ. ಇನ್ನೆರಡು ವರ್ಷಕ್ಕೆ ನನಗೆ ಬೆಟ್ಟವೂ ಒಂದೇ, ಸುರಂಗವೂ ಒಂದೇ,” ಎಂದರು.

ಅವರಿಗೆ ಗ್ಲಾಕೋಮವೆಂಬ ನೇತ್ರರೋಗವಿತ್ತು. ಈ ರೋಗದಲ್ಲಿ ಕಣ್ಣಿನ ನರವು ಕ್ರಮವಾಗಿ ಕೆಡುತ್ತ, ನೋಟವು ಸಾಮಾನ್ಯವಾಗಿ ಅಂಚುಗಳಿಂದ ಕಿರಿದಾಗುತ್ತ ಬರುವುದು. ಚಿಕಿತ್ಸೆಯಿಂದ ಅದನ್ನು ತಡೆಯಬಹುದು, ನಿಧಾನಗೊಳಿಸಬಹುದು; ಹೋದ ದೃಷ್ಟಿ ಮಾತ್ರ ಮರಳದು. ನಲವತ್ತು ವರ್ಷಗಳ ಗೆಳೆಯನಿಗೆ ಅವರು ಇದನ್ನು ಅದುವರೆಗೆ ತಿಳಿಸಿರಲಿಲ್ಲ. ಇಂಜಿನಿಯರು ಮರುಮಾತನಾಡದೆ ಬರೆದಿಟ್ಟಿದ್ದ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಇಬ್ಬರೂ ಹಳೆಯ ದಾರಿಯ ಗಾಡಿಯನ್ನು ಹತ್ತಿದರು.

ಎರ್ಸ್ಟ್‌ಫೆಲ್ಡ್ ಎಂಬ ಊರಿನಿಂದ ಆ ದಾರಿಯು ಏರತೊಡಗುವುದು. ಅಲ್ಲಿಂದ ಗೋಷೆನೆನ್ ಮುಟ್ಟುವಷ್ಟರಲ್ಲಿ ಗಾಡಿಯು ಆರುನೂರು ಮೀಟರಿಗೂ ಹೆಚ್ಚು ಎತ್ತರವನ್ನು ಏರಬೇಕು. ರೈಲು ಕಡಿದಾದ ಏರನ್ನು ಹತ್ತಲಾರದಾದುದರಿಂದ, ಹಳಿಯನ್ನು ಬೆಟ್ಟದ ಒಳಗೂ ಹೊರಗೂ ಸುತ್ತಿಸಿ ದೂರವನ್ನು ಬೆಳೆಸಿದ್ದಾರೆ. ಇದರಿಂದ ವಾಸೆನ್ ಎಂಬ ಹಳ್ಳಿಯ ದಿಬ್ಬದ ಮೇಲಿನ ಬಿಳಿಯ ಚರ್ಚು ಪ್ರಯಾಣಿಕರಿಗೆ ಮೂರು ಸಲ ಕಾಣುವುದು: ಮೊದಲು ತಲೆಯ ಮೇಲೆ, ಬಳಿಕ ಕಣ್ಣಿನ ಮಟ್ಟಕ್ಕೆ, ಕಡೆಗೆ ಕಾಲ ಕೆಳಗೆ.

ಮೊದಲ ಸಲ ಉಪಾಧ್ಯಾಯರ ಕಿರಿದಾದ ನೋಟಕ್ಕೆ ಅದು ಸಿಕ್ಕಲಿಲ್ಲ. ಅವರು ಹುಡುಕುತ್ತಿರುವಾಗಲೇ ಗಾಡಿಯು ಸುರಂಗವನ್ನು ಹೊಕ್ಕಿತು. ಎರಡನೆಯ ಸಲ ಇಂಜಿನಿಯರು ಗೆಳೆಯನ ಭುಜವನ್ನು ಹಿಡಿದು ತಿರುಗಿಸಿ, “ಆ ಎರಡು ಮರಗಳ ನಡುವೆ ನೋಡು,” ಎಂದರು. ಮೂರನೆಯ ಸಲ ಉಪಾಧ್ಯಾಯರು ತಾವೇ ಬೆರಳು ತೋರಿಸಿ, “ಅಗೋ!” ಎಂದು ಕೂಗಿದರು. ಎದುರಿನ ಆಸನದಲ್ಲಿದ್ದ ಮುದುಕಿಯೊಬ್ಬಳು ಭಾಷೆ ತಿಳಿಯದಿದ್ದರೂ ನಕ್ಕಳು.

ಗೋಷೆನೆನ್ ಆದಮೇಲೆ 15 ಕಿಲೋಮೀಟರಿನ ಹಳೆಯ ಸುರಂಗ. ಅದನ್ನು ಕೊರೆಯಿಸಿದ ಲೂಯಿ ಫಾವ್ರ್ ಎಂಬ ಗುತ್ತಿಗೆದಾರನು 1879ರಲ್ಲಿ, ಕೆಲಸ ಮುಗಿಯುವ ಮೊದಲೇ, ಆ ಸುರಂಗದೊಳಗೇ ಕುಸಿದು ಸತ್ತನು. ಆಚೆಯ ಬೆಳಕನ್ನು ಅವನು ಕಾಣಲಿಲ್ಲ. ಈ ಸಂಗತಿಯನ್ನು ಉಪಾಧ್ಯಾಯರು ಕತ್ತಲೆಯಲ್ಲಿ ಹೇಳುತ್ತಿದ್ದರು, ಗೆಳೆಯರು ಕೇಳುತ್ತಿದ್ದರು. ಹೊರಗೆ ಬಂದಾಗ ಐರೋಲೊ; ಜರ್ಮನ್ ಹೋಗಿ ಇಟಾಲಿಯನ್ ಬಂದಿತ್ತು. ಮಿಲಾನಿನ ಗಾಡಿ ತಪ್ಪಿತು; ಹಣವೂ ಹೋಯಿತು. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಜೊತೆಯಾಗಿ ಹೊರಟವರಲ್ಲಿ ದಾರಿಯ ವಿಷಯಕ್ಕೆ ಭಿನ್ನಾಭಿಪ್ರಾಯ ಬರುವುದು ಸಹಜ. ಆಗ ಯಾರ ಲೆಕ್ಕ ಸರಿಯೆಂದು ವಾದಿಸುವುದಕ್ಕಿಂತ, ಯಾರಿಗೆ ಆ ದಾರಿ ಮತ್ತೆ ದೊರೆಯಲಾರದೆಂದು ವಿಚಾರಿಸುವುದು ಲೇಸು. ಗ್ರೇಯೂ ವಾಲ್ಪೋಲನೂ ಸ್ನೇಹವನ್ನು ಮರಳಿ ಪಡೆದರು. ಆದರೆ ನಡುವೆ ನಾಲ್ಕು ವರ್ಷಗಳು ಕಳೆದಿದ್ದವು. ಅಷ್ಟು ಕಾಲವನ್ನು ಕಳೆಯಲು ಎಲ್ಲರಿಗೂ ಆಯುಸ್ಸಾಗಲಿ ಕಣ್ಣಾಗಲಿ ಇರುವುದಿಲ್ಲ.