ಸಂಬಳ ಎಷ್ಟು ಎನ್ನುವ ಮೊದಲು

ನಮ್ಮ ಕರಾವಳಿಯಲ್ಲಿ ಹುಡುಗನಿಗೆ ಗಲ್ಫಿನ ವೀಸಾ ಬಂತೆಂದರೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, ‘ಸಂಬಳ ಎಷ್ಟಂತೆ?’ ಎರಡನೆಯದು, ‘ರಜೆ ಎಷ್ಟು ವರ್ಷಕ್ಕೊಮ್ಮೆ?’ ಕೆಲಸ ಬಿಸಿಲಲ್ಲೋ ನೆರಳಲ್ಲೋ, ಎತ್ತರದಲ್ಲಿ ಕಾಲು ಜಾರಿದರೆ ಹಿಡಿಯಲು ಬೆಲ್ಟ್ ಉಂಟೋ ಎಂದು ಕೇಳಿದವರನ್ನು ಹೈಸ್ಕೂಲ್ ಮೇಷ್ಟ್ರಾದ ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಹೊರಡುವ ಹೊತ್ತಿಗೆ ಅಪಶಕುನ ನುಡಿಯಬಾರದೆಂಬ ಸಂಕೋಚ ಬೇರೆ.

‘ಎಸ್ಸೆಸ್ಸೆಲ್ಸಿ ಪಾಸಾದದ್ದು ಸಾರ್ಥಕ ಆಯ್ತು ಸಾರ್, ಪಾಸ್‌ಪೋರ್ಟಿಗೆ ಇಸಿಆರ್ ಬೀಳಲಿಲ್ಲ’ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಸಿಹಿ ಹಂಚಿದ. ಸಂತೋಷದ ಮಾತೇ. ಆದರೆ ಅದಕ್ಕೊಂದು ಮರುಮುಖವೂ ಇದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೇ ತರಗತಿ ದಾಟದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಆಗ ಕರಾರುಪತ್ರವನ್ನು ಪರಿಶೀಲಿಸುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಕಡ್ಡಾಯ. 2017ರಲ್ಲಿ ಪರಿಷ್ಕರಿಸಿದ ಈ ಯೋಜನೆಯಲ್ಲಿ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ಪರಿಹಾರವಿದೆ. ಎರಡು ವರ್ಷದ ಕಂತು 275 ರೂಪಾಯಿ ಎಂದು ಗೊತ್ತುಪಡಿಸಿದ್ದರು.

ಹತ್ತು ಪಾಸಾದವನಿಗೆ ಸಾಮಾನ್ಯವಾಗಿ ಈ ಕಟ್ಟುಪಾಡಿಲ್ಲ. ಅಂದರೆ, ಅವನ ಕಾಗದಪತ್ರವನ್ನು ತಡೆದು ನೋಡುವವರೂ ಇಲ್ಲ. ಓದಿದವನು ತಾನೇ ಓದಿಕೊಳ್ಳುತ್ತಾನೆ ಎಂಬ ನಂಬಿಕೆ! ನಿಜವಾಗಿ ಓದುವವರೆಷ್ಟು ಮಂದಿ? ಏಜೆಂಟ್ ಬೆರಳಿಟ್ಟ ಕಡೆ ಸಹಿ ಹಾಕುವವರೇ ಹೆಚ್ಚು.

ಅಲ್ಲಿ ಕಾನೂನೇ ಇಲ್ಲವೆಂದಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ನೇರ ಬಿಸಿಲಿನಲ್ಲಿ ದುಡಿಸುವಂತಿಲ್ಲ. ಕತಾರ್ 2021ರಲ್ಲಿ ಈ ನಿಷೇಧವನ್ನು ಜೂನ್ 1ರಿಂದಲೇ ಆರಂಭಿಸಿ, ಬೆಳಿಗ್ಗೆ 10ರಿಂದ 3.30ರವರೆಗೆ ವಿಸ್ತರಿಸಿತು. ಆದರೆ ನಿಯಮ ಗೊತ್ತಿಲ್ಲದವನು ಅದನ್ನು ಕೇಳುವುದು ಹೇಗೆ?

ಬಿಸಿಲು ನಮಗೆ ಹೊಸತೇ ಎನ್ನುವವರಿದ್ದಾರೆ. ಬೆವರು ಆರಿದರಷ್ಟೇ ಮೈ ತಣ್ಣಗಾಗುವುದು. ಕೊಲ್ಲಿಯ ಕಡಲತಡಿಯಲ್ಲಿ ಬೇಸಿಗೆಯ ತಾಪದ ಜೊತೆಗೆ ಗಾಳಿಯಲ್ಲಿ ತೇವವೂ ಹೆಚ್ಚು; ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯೊಳಗಿನ ಕಾವು ಏರುತ್ತಲೇ ಹೋಗುತ್ತದೆ. ಮೈ ಒಗ್ಗದ ಮೊದಲ ಒಂದೆರಡು ವಾರಗಳಲ್ಲೇ ಅಪಾಯ ಜಾಸ್ತಿ. ಜೊತೆಗಾರನ ಮಾತು ತೊದಲಿತು, ಗೊಂದಲಕ್ಕೆ ಬಿದ್ದ ಎಂದರೆ ಅದು ಬರೀ ದಣಿವಲ್ಲ, ಉಷ್ಣಾಘಾತ. ಕೂಡಲೇ ನೆರಳಿಗೆ ಸಾಗಿಸಿ, ಮೈಮೇಲೆ ನೀರು ಸುರಿದು, ವೈದ್ಯರನ್ನು ಕರೆಸಬೇಕು.

ಅಪಾಯ ಕೆಲಸದ ಜಾಗದಲ್ಲಷ್ಟೇ ಇರುವುದಿಲ್ಲ. 2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತರು. ಅವರು ದುಡಿಯುತ್ತಿರಲಿಲ್ಲ, ಅದು ಮಲಗುವ ಹೊತ್ತು.

ಆದ್ದರಿಂದ ಹೆತ್ತವರೇ, ಸಂಬಳದ ಜೊತೆಗೆ ಇವನ್ನೂ ಕೇಳಿ. ಕರಾರಿನಲ್ಲಿ ಬರೆದ ಕೆಲಸ ಯಾವುದು? ಪೆಟ್ಟಾದರೆ ಆಸ್ಪತ್ರೆಯ ಖರ್ಚು ಯಾರದು? ಕೋಣೆಯಲ್ಲಿ ಎಷ್ಟು ಜನ, ಹೊರಬರಲು ಎಷ್ಟು ದಾರಿ? ಕರಾರು, ವಿಮೆ, ವೀಸಾಗಳ ಒಂದೊಂದು ಪ್ರತಿ ಮನೆಯ ಕಪಾಟಿನಲ್ಲಿರಲಿ. ವಿದ್ಯಾರ್ಥಿಗಳೇ, ನೀವು ಕಲಿತ ಅಕ್ಷರಕ್ಕೆ ಮೊದಲ ಪರೀಕ್ಷೆ ಆ ಕರಾರುಪತ್ರ. ಅದನ್ನು ಕೊನೆಯ ಸಾಲಿನವರೆಗೂ ಓದಿ, ಆಮೇಲೆ ಸಹಿ ಹಾಕಿ. ಹೀಗೆ ಕೇಳುವುದು ಅಪಶಕುನವಲ್ಲ, ಹಿರಿಯರ ಆಶೀರ್ವಾದದಷ್ಟೇ ಅಗತ್ಯವಾದದ್ದು.