ಕದ್ರಿ ಗುಡ್ಡೆಯ ಲೋಕೇಶ್ವರ

ಮಂಗಳೂರಿನ ಕದ್ರಿ ನಮ್ಮ ಕಾಸರಗೋಡಿನವರಿಗೆ ದೂರದ್ದಲ್ಲ. ಮಂಜುನಾಥ ದೇವಸ್ಥಾನದ ಹಿಂದೆ ಗೋಮುಖದಿಂದ ಬೀಳುವ ನೀರು, ಅದರ ಮೇಲೆ ಕೆರೆಗಳು, ಗುಡ್ಡೆ ಹತ್ತಿದರೆ ಜೋಗಿ ಮಠ. ನಾವೆಲ್ಲ ಶಿವಕ್ಷೇತ್ರ ಅಂತಲೇ ಅಲ್ಲಿಗೆ ಹೋಗುವುದು.

ಆದರೆ ಅಲ್ಲಿ ಲೋಕೇಶ್ವರನ ದೊಡ್ಡ ಕಂಚಿನ ಮೂರ್ತಿ ಉಂಟು. ಮೂರು ಮುಖ, ಆರು ಕೈ, ಕುಳಿತ ಭಂಗಿ. ನೋಡಿದರೆ ಮನಸ್ಸು ತಣ್ಣಗಾಗುವಂಥ ಮುಖ. ಅವನು ಬೌದ್ಧರ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಇವನನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಎಂದು ಪೀಠದ ಸಂಸ್ಕೃತ ಶಾಸನ ಹೇಳುತ್ತದೆ. ವಿಹಾರ ಅಂದರೆ ಬೌದ್ಧ ಭಿಕ್ಷುಗಳು ಇರುವ ಜಾಗ.

ಇಷ್ಟು ಹೇಳಿದರೆ ಸಾಕು, ಜಗಳ ಸುರು. "ಹಾಗಾದರೆ ಅದು ಬೌದ್ಧರಿಂದ ಕಿತ್ತುಕೊಂಡದ್ದು" ಅಂತ ಒಬ್ಬ. "ಸುಳ್ಳು, ಅದು ಯಾವಾಗಲೂ ಶಿವನದ್ದೇ" ಅಂತ ಇನ್ನೊಬ್ಬ. ನಮ್ಮ ಭಜನೆಯ ಜಗಲಿಯಲ್ಲೂ ಈ ಮಾತು ಎದ್ದು, ಒಟ್ಟಿಗೆ ತಾಳ ಹಾಕುತ್ತಿದ್ದ ಇಬ್ಬರು ಮಾತು ಬಿಟ್ಟರು.

ಆ ಶಾಸನದಲ್ಲಿ ಇನ್ನೊಂದು ಸಂಗತಿ ಉಂಟು. ಕುಂದವರ್ಮ ಶಿವನ ಪಾದಭಕ್ತ. ಶಿವಭಕ್ತನೇ ಬೌದ್ಧ ವಿಹಾರದಲ್ಲಿ ಮೂರ್ತಿ ಇಟ್ಟದ್ದು! ನಾಥಪಂಥದ ಜೋಗಿಗಳಿಗೂ ಈ ಗುಡ್ಡೆ ದೊಡ್ಡದು. ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳೂ ಇಲ್ಲಿವೆ. ಈಗಲೂ 12 ವರ್ಷಕ್ಕೊಮ್ಮೆ ಜೋಗಿಗಳು ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಿಂದ ನಡೆದುಕೊಂಡೇ ಬಂದು ಮಠಕ್ಕೆ ಹೊಸ ರಾಜನನ್ನು ಕೂರಿಸುತ್ತಾರೆ.

ಸಾವಿರ ವರ್ಷದಲ್ಲಿ ಪೂಜೆ ಬದಲಾಯಿತು, ಮಂತ್ರ ಬದಲಾಯಿತು. ಆದರೆ ಲೋಕೇಶ್ವರನನ್ನು ಯಾರೂ ಕರಗಿಸಿ ಗಂಟೆ ಮಾಡಲಿಲ್ಲ. ಇದು ಸಣ್ಣ ಸಂಗತಿಯಾ? ಕಂಚಿಗೆ ಎಲ್ಲ ಕಾಲದಲ್ಲೂ ಬೆಲೆ ಉಂಟು.

ನಾವು ಕೃಷಿಕರಿಗೆ ಇದು ಹೊಸತಲ್ಲ. ಇನ್ನೊಬ್ಬರ ತೋಟ ಕ್ರಯಕ್ಕೆ ತೆಗೆದುಕೊಂಡರೆ ಅಲ್ಲಿಯ ನಾಗನಿಗೆ ತಂಬಿಲ ನಿಲ್ಲಿಸುತ್ತೇವಾ? ಇಲ್ಲ. ಜಾಗದ ಪಟ್ಟೆ ನಮ್ಮ ಹೆಸರಿಗೆ ಆಗುತ್ತದೆ, ಹಿಂದಿನವರು ನಂಬಿದ್ದನ್ನು ನಡೆಸುವ ಭಾರವೂ ನಮ್ಮ ಮೇಲೆ ಬರುತ್ತದೆ. ಕದ್ರಿಯಲ್ಲಿ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ ಅಂತ ನನಗೆ ಕಾಣುತ್ತದೆ.

ಈಗ ಕದ್ರಿಯ ಪದ ಹಾಡುವಾಗ ನಾನು ಮಂಜುನಾಥ, ಲೋಕೇಶ್ವರ, ಗೋರಖನಾಥ ಮೂವರ ಹೆಸರನ್ನೂ ಸೇರಿಸುತ್ತೇನೆ. ತಾಳ ಎಲ್ಲೂ ತಪ್ಪುವುದಿಲ್ಲ. ಮಾಸ್ತರರೇ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಲೋಕೇಶ್ವರನ ಎದುರು ಸ್ವಲ್ಪ ಹೊತ್ತು ನಿಲ್ಲಿಸಿ, ಶಾಸನದ ಎರಡು ಮಾತನ್ನೂ ಹೇಳಿ. ಅರ್ಧ ಮಾತ್ರ ಹೇಳಬೇಡಿ.